ಹೆಸರಿನ ಎರಡಕ್ಷರಕ್ಕೆ ಮನೆ ಹೋಗಬಾರದು: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಾನು ಮುಂಬೈಯಲ್ಲಿ ಪುನರ್ವಸತಿ ಕಟ್ಟಡಗಳ ನಕ್ಷೆ ಬರೆಯುವ ವಾಸ್ತುಶಿಲ್ಪಿ. ವಾರವಿಡೀ 300 ಚದರ ಅಡಿಯೊಳಗೆ ಒಲೆ, ಬಚ್ಚಲು, ಮಲಗುವ ಜಾಗ ಹೊಂದಿಸುತ್ತೇನೆ. ಭಾನುವಾರ ನಾಗರಿಕ ಹಕ್ಕುಗಳ ಗೆಳೆಯರೊಂದಿಗೆ ಚೆಂಬೂರಿನ ಒಂದು ಕೊಳೆಗೇರಿಯಲ್ಲಿ ಕುಳಿತು, ಅಂಥ ಮನೆ ಸಿಗಬೇಕಾದವರ ಕಾಗದಪತ್ರ ಓದುತ್ತೇನೆ.

ಅಲ್ಲಿ ಯಾದಗಿರಿ, ಕಲಬುರಗಿ ಕಡೆಯವರು ಬಹಳ. ಕೊಳೆಗೇರಿ ಪುನರ್ವಸತಿ ಯೋಜನೆಯಲ್ಲಿ 2000ದ ಜನವರಿ 1ಕ್ಕಿಂತ ಮೊದಲಿನ ಗುಡಿಸಲಾದರೆ ಉಚಿತ ಮನೆ. ಅದಕ್ಕೆ ಪುರಾವೆ ಬೇಕು. ಗಾರೆ ಕೆಲಸದಲ್ಲಿ ಬೆನ್ನು ಬಾಗಿಸಿಕೊಂಡ ಒಬ್ಬ ತಾಯಿಯ ಬಳಿ ಪುರಾವೆ ಇದೆ. ಆದರೆ ಊರಿನ ದಾಖಲೆಯಲ್ಲಿ 'ಅವ್ವ' ಎಂದು ಮುಗಿಯುವ ಆಕೆಯ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲಿ 'ಬಾಯಿ' ಎಂದು ಮುಗಿಯುತ್ತದೆ. ವಿದ್ಯುತ್ ಬಿಲ್ಲು ತೀರಿಹೋದ ಗಂಡನ ಹೆಸರಿನಲ್ಲಿದೆ. ನಮೂನೆ ಅಡ್ಡಹೆಸರು ಕೇಳುತ್ತದೆ. ಆ ಮನೆತನಕ್ಕೆ ಅಡ್ಡಹೆಸರೇ ಇಲ್ಲ. (ನಮ್ಮ ಎಷ್ಟೋ ಊರುಗಳಲ್ಲಿ ಇದು ಸಾಮಾನ್ಯ.) ಮನೆಗೆ ಯಾರು ಅರ್ಹರೆಂದು ಹೇಳುವ ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ ಬರೆದದ್ದು ಒಂದೇ ಮಾತು: ಅಪಾತ್ರ, ಅಂದರೆ ಅನರ್ಹ. ಅದನ್ನು ಓದಿ ಹೇಳಬೇಕಾದವನು ನಾನು. 'ನಾನು ನಾನಲ್ಲವೇನಪ್ಪಾ?' ಎಂದು ಆಕೆ ಕೇಳಿದರು. 'ಬಾಯಿ' ಎಂದಿರುವ ಹೆಸರಿನಲ್ಲಿಯೇ ಆಕೆ ಪ್ರತಿ ಚುನಾವಣೆಯಲ್ಲೂ ಮತ ಹಾಕಿದ್ದಾರೆ. ಮತಕ್ಕೆ ಸಾಕಾದ ಹೆಸರು ಮನೆಗೆ ಏಕೆ ಸಾಲದು?

ಮನೆ ಕಟ್ಟುವವನಿಗೆ ಹಕ್ಕುಗಳ ಉಸಾಬರಿ ಏಕೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಈ ಊರಿನ ಪಾದಚಾರಿ ಮಾರ್ಗದ ನಿವಾಸಿಗಳು ಮತ್ತು ಪತ್ರಕರ್ತೆ ಓಲ್ಗಾ ಟೆಲಿಸ್ ಹೂಡಿದ ಮೊಕದ್ದಮೆಯಲ್ಲಿ, 1985ರ ಜುಲೈಯಲ್ಲಿ, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಜೀವನೋಪಾಯವೂ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದಿತು. ತೆರವಿಗೆ ಒಪ್ಪಿದ ಅದೇ ನ್ಯಾಯಾಲಯ, ಮಳೆಗಾಲ ಮುಗಿದು ಒಂದು ತಿಂಗಳಾಗುವವರೆಗೆ, ಅಂದರೆ ಅಕ್ಟೋಬರ್ 31ರವರೆಗೆ, ಯಾರನ್ನೂ ಎಬ್ಬಿಸಬಾರದೆಂದಿತು. ಸೂರು ಕಿತ್ತ ಮೇಲೆ ಮಳೆಯಲ್ಲಿ ಕೂಲಿಗೆ ಹೋಗುವುದು ಹೇಗೆಂದು ಈ ಭಾನುವಾರಗಳಲ್ಲಿ ಕಂಡಿದ್ದೇನೆ.

ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಆಕ್ಷೇಪಣೆಯ ವಿಚಾರಣೆ ಕೊಳೆಗೇರಿಯಲ್ಲಿಯೇ ನಡೆಯಲಿ, ಕೂಲಿ ತಪ್ಪದ ದಿನ ನಡೆಯಲಿ. ಕನ್ನಡ ಬಲ್ಲವರೊಬ್ಬರು ಅಧಿಕಾರಿಯ ಪಕ್ಕ ಕೂರಲಿ. ಹೆಸರಿನ ವ್ಯತ್ಯಾಸಕ್ಕೆ ನೆರೆಹೊರೆಯವರ ಸಾಕ್ಷ್ಯವನ್ನು ಒಪ್ಪಲಿ. ಅಂತಿಮ ಆದೇಶ ಕೈಗೆ ಸಿಗುವವರೆಗೆ ಒಂದು ತಗಡೂ ಕದಲಬಾರದು.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ಅಲ್ಲಿರುತ್ತೇನೆ, ಆಕೆಯ ಕಡತದೊಂದಿಗೆ. ದಯವಿಟ್ಟು ಬನ್ನಿ.

ಇತಿ,
ನಿಮ್ಮ ಕ್ಷೇತ್ರದ ಮತದಾರ