ಒಳಮುಖದ ಮುಳ್ಳು ನಮ್ಮ ನಾಯಿಗಳಿಗೆ ಬೇಡ

ಮಾನ್ಯ ಸಂಪಾದಕರೇ,

ನಾಯಿಯನ್ನು ಪಳಗಿಸಲು ಪ್ರಾಂಗ್ ಕಾಲರ್ ಬಳಸಬಹುದೇ ಎಂಬ ಚರ್ಚೆ ದೊಡ್ಡ ನಗರಗಳ ಶ್ವಾನಪ್ರಿಯರಿಗೆ ಸೇರಿದ್ದು ಎಂದು ನಾನೂ ಒಂದು ಕಾಲಕ್ಕೆ ಭಾವಿಸಿದ್ದೆ. ಈಗ ಆ ಪಟ್ಟಿ ನಮ್ಮ ತಾಲ್ಲೂಕಿನ ತೋಟದ ಮನೆಗಳ ಜಗಲಿಯಲ್ಲೂ ಕಾಣಿಸುತ್ತಿದೆ. ಅಂಗಡಿಯಲ್ಲಿ ಮುಳ್ಳಿನ ಬೆಲ್ಟ್ ಎಂದು ಕೇಳಿದರೆ ಸಾಕು, ಯಾವ ನಾಯಿಗೆ, ಯಾತಕ್ಕೆ ಎಂದು ವಿಚಾರಿಸದೆ ಕೈಗೆ ಕೊಡುತ್ತಾರೆ. ನೋಡದವರಿಗಾಗಿ ಹೇಳುವುದಾದರೆ, ಇದು ಉಕ್ಕಿನ ಕೊಂಡಿಗಳನ್ನು ಒಂದಕ್ಕೊಂದು ಸಿಕ್ಕಿಸಿ ಮಾಡಿದ ಪಟ್ಟಿ. ಪ್ರತಿ ಕೊಂಡಿಯಲ್ಲೂ ಎರಡೆರಡು ಮೊಂಡು ಮುಳ್ಳುಗಳು ಕುತ್ತಿಗೆಯ ಕಡೆಗೆ ಬಾಗಿರುತ್ತವೆ. ಹಗ್ಗ ಜಗ್ಗಿದಾಗ ಪಟ್ಟಿ ಒಂದು ಮಿತಿಯವರೆಗೆ ಬಿಗಿದು, ಮುಳ್ಳುಗಳು ಸುತ್ತಲಿಂದಲೂ ಚರ್ಮವನ್ನು ಚಿವುಟುತ್ತವೆ. ಹಗ್ಗ ಸಡಿಲಾದರೆ ಚಿವುಟು ನಿಲ್ಲುತ್ತದೆ. ನೋವು ಕೊಡುವುದು, ಆ ನೋವಿನಿಂದ ಬಿಡುಗಡೆ ಕೊಡುವುದು, ಇಷ್ಟೇ ಅದರ ಪಾಠ.

ನಮ್ಮ ಮನೆಗೆ ಇದು ಬಂದದ್ದು ಒಂದು ಜರ್ಮನ್ ಶೆಫರ್ಡ್ ನಾಯಿಯ ದೆಸೆಯಿಂದ. ಅದಕ್ಕೆ ಆಗ 14 ತಿಂಗಳು, ತೂಕ 30 ಕಿಲೋ ದಾಟಿತ್ತು. ರಸ್ತೆಗೆ ಕರೆದುಕೊಂಡು ಹೋದಾಗ ಅದು ಜಗ್ಗಿದ ರಭಸಕ್ಕೆ ನಮ್ಮ ಅತ್ತಿಗೆ ಜಲ್ಲಿಯ ಮೇಲೆ ಬಿದ್ದು ಮೊಣಕೈ ತರಚಿಕೊಂಡರು. ತರಬೇತಿಗೆಂದು ಕರೆಸಿದವರು ಮೊದಲ ದಿನವೇ ಮುಳ್ಳುಪಟ್ಟಿ ತೊಡಿಸಿದರು. ಹತ್ತೇ ನಿಮಿಷದಲ್ಲಿ ನಾಯಿ ಜಗ್ಗುವುದನ್ನು ಬಿಟ್ಟು ಪಕ್ಕದಲ್ಲೇ ನಡೆಯತೊಡಗಿದಾಗ ಮನೆಮಂದಿಗೆಲ್ಲ ಸಮಾಧಾನವಾಯಿತು. ಕಿವಿಯನ್ನು ಹಿಂದಕ್ಕೆ ಒತ್ತಿಕೊಂಡು, ಬಾಲ ತಗ್ಗಿಸಿ, ಮತ್ತೆ ಮತ್ತೆ ತುಟಿ ಸವರಿಕೊಳ್ಳುತ್ತ ಅದು ನಡೆಯುತ್ತಿದ್ದುದು ಕಣ್ಣಿಗೆ ಬಿದ್ದಿತ್ತು. ಅದು ಭಯದ ಲಕ್ಷಣ ಎಂದು ಮಾತ್ರ ನಮಗೆ ತಿಳಿಯಲಿಲ್ಲ.

ಡೈರಿಗೆ ಹಾಲು ಹಾಕಿ ಬರುವ ಹುಡುಗನ ಸ್ಕೂಟರ್ ಕಂಡರೆ ನಾಯಿಗೆ ಮೊದಲಿನಿಂದಲೂ ಖುಷಿ. ಅವನ ಬಳಿಗೆ ಓಡಲೆಂದೇ ಅದು ಜಗ್ಗುತ್ತಿತ್ತು. ಹಾಗೆ ಜಗ್ಗಿದಾಗಲೆಲ್ಲ ಮುಳ್ಳು ಚಿವುಟಿತು. ಜಗ್ಗಿದ್ದಕ್ಕೆ ಈ ಶಿಕ್ಷೆ ಎಂಬುದು ಹಗ್ಗ ಹಿಡಿದ ನಮ್ಮ ತಲೆಯಲ್ಲಿದ್ದ ಲೆಕ್ಕ. ನಾಯಿಯ ಲೆಕ್ಕವೇ ಬೇರೆ ಇತ್ತು: ಸ್ಕೂಟರ್ ಬಂದರೆ ಕುತ್ತಿಗೆ ನೋಯುತ್ತದೆ. ಮೂರು ವಾರ ಕಳೆಯುವಷ್ಟರಲ್ಲಿ ಆ ಹುಡುಗನನ್ನು ಕಂಡರೆ ಬೆನ್ನಿನ ಕೂದಲು ನಿಮಿರಿಸಿ ಗುರುಗುಟ್ಟತೊಡಗಿತು. ಗುರುಗುಟ್ಟಿದ್ದಕ್ಕೆ ಮತ್ತೆ ಹಗ್ಗ ಜಗ್ಗಿದೆವು, ಗುರುಗುಟ್ಟುವುದೂ ನಿಂತಿತು. ಒಂದು ಬೆಳಿಗ್ಗೆ ಸದ್ದೇ ಇಲ್ಲದೆ ಹಾರಿ ಅವನ ಪ್ಯಾಂಟಿಗೆ ಬಾಯಿ ಹಾಕಿತು. ನಾಯಿ ಗುರುಗುಟ್ಟುವುದು ಹತ್ತಿರ ಬರಬೇಡ ಎಂದು ಕೊಡುವ ಎಚ್ಚರಿಕೆ. ಆ ಎಚ್ಚರಿಕೆಯನ್ನು ಅಡಗಿಸಿದರೆ ಸಿಟ್ಟು ಇಳಿಯುವುದಿಲ್ಲ, ಕಚ್ಚುವ ಮುನ್ನ ನಮಗೆ ಸಿಗುತ್ತಿದ್ದ ಸೂಚನೆ ತಪ್ಪಿಹೋಗುತ್ತದೆ. ಪಟ್ಟಿಯ ಪರವಾಗಿ ಮಾತನಾಡುವವರು ಈ ಅಪಾಯಕ್ಕೆ ಕೊಡಬೇಕಾದಷ್ಟು ಮಹತ್ವ ಕೊಡುತ್ತಿಲ್ಲ.

ಅಭ್ಯಾಸ ಮುಗಿದ ಕೂಡಲೇ ಪಟ್ಟಿ ಬಿಚ್ಚಬೇಕೆಂದು ತರಬೇತುದಾರರು ಹೇಳಿದ್ದರು ಎಂಬುದನ್ನು ಮುಚ್ಚಿಡಲಾರೆ. ದಿನಕ್ಕೆರಡು ಸಲ ಕೊಂಡಿ ಬಿಡಿಸಿ ಸಿಕ್ಕಿಸುವುದು ಕೈಗೆ ಕಷ್ಟದ ಕೆಲಸವಾದ್ದರಿಂದ ನಾವೇ ಬಿಟ್ಟುಬಿಟ್ಟೆವು. ಅದೇ ಪಟ್ಟಿಗೆ ಸರಪಳಿ ಸಿಕ್ಕಿಸಿ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದೆವು. ಆಷಾಢದ ಮಳೆ ಹಿಡಿದಿತ್ತು. ಹತ್ತು ಹನ್ನೆರಡು ದಿನ ನಾಯಿಯ ಮೈ ಒಣಗಲೇ ಇಲ್ಲ. ಒಂದು ಸಂಜೆ ಉಣ್ಣಿ ತೆಗೆಯಲು ಕೂತಾಗ ಕುತ್ತಿಗೆಯಿಂದ ಕೊಳೆತ ವಾಸನೆ ಬಂತು. ಪಟ್ಟಿ ಬಿಚ್ಚಿ ಕೂದಲು ಸರಿಸಿದರೆ, ಮುಳ್ಳು ಕೂತಿದ್ದ ಕಡೆಯಲ್ಲೆಲ್ಲ ಜೋಡಿ ಜೋಡಿಯಾಗಿ ಕಡಲೆಕಾಳಿನಷ್ಟು ಕೆಂಪು ಗುಳಿಗಳು ಸಾಲುಗಟ್ಟಿದ್ದವು. ಗಂಟಲ ಕೆಳಗಿನ ಎರಡರಲ್ಲಿ ಹುಳ ಬಿದ್ದಿತ್ತು. ಪಶುವೈದ್ಯರು ಕೂದಲು ಬೋಳಿಸಿ ಗಾಯ ತೊಳೆಯುವಾಗ ನಾಯಿಯ ತಲೆ ಹಿಡಿದುಕೊಂಡವನು ನಾನು. ಆ ಹೊತ್ತಿನಲ್ಲೂ ಅದು ನನ್ನ ಕೈ ನೆಕ್ಕುತ್ತಿತ್ತು.

ಇದು ಬಳಸಿದವರ ತಪ್ಪು, ಸಾಧನದ್ದಲ್ಲ ಎಂಬ ಉತ್ತರ ಬರುತ್ತದೆಂದು ಬಲ್ಲೆ. ಪಟ್ಟಿಯ ಸಮರ್ಥಕರ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಒಂದೇ ಕಡೆ ಗಂಟಲನ್ನು ಒತ್ತುವ, ಮಿತಿಯಿಲ್ಲದೆ ಬಿಗಿಯುವ ಚೋಕ್ ಚೈನಿಗಿಂತ ಇದು ಶ್ವಾಸನಾಳಕ್ಕೆ ಕಡಿಮೆ ಅಪಾಯಕಾರಿ ಎನ್ನುತ್ತಾರೆ. ದೈತ್ಯ ನಾಯಿಯನ್ನು ಹಿಡಿಯಲಾರದ ವೃದ್ಧರು ಅದನ್ನು ಬೀದಿಗೆ ಬಿಡುವ ಬದಲು ಈ ಪಟ್ಟಿ ಹಾಕಿಯಾದರೂ ಸಾಕಲಿ ಎನ್ನುತ್ತಾರೆ. ಆದರೆ ಅವರೇ ಹಾಕುವ ಷರತ್ತುಗಳನ್ನು ಗಮನಿಸಬೇಕು. ಪಟ್ಟಿ ಕಿವಿಯ ಹಿಂದೆ ಎತ್ತರದಲ್ಲಿ ಜಾರದಂತೆ ಕೂರಬೇಕು, ಕುತ್ತಿಗೆಯ ಅಳತೆಗೆ ತಕ್ಕಂತೆ ಕೊಂಡಿಗಳನ್ನು ಕಳೆಯಬೇಕು ಇಲ್ಲವೇ ಕೂಡಿಸಬೇಕು, ಕೊಂಡಿ ಕಳಚಿದರೆ ನಾಯಿ ತಪ್ಪಿಸಿಕೊಳ್ಳದಂತೆ ಇನ್ನೊಂದು ಬೆಲ್ಟ್ ಜೊತೆಗಿರಬೇಕು, ಅಭ್ಯಾಸದ ಹೊತ್ತಿನಲ್ಲಿ ಮಾತ್ರ ತೊಡಿಸಬೇಕು, ಕಟ್ಟಿಹಾಕಲು ಎಂದೂ ಬಳಸಬಾರದು, ಹಗ್ಗ ಹಿಡಿದವರ ಕೈ ಪಳಗಿರಬೇಕು. ನಾಯಿಗಳು ದಿನದ ಬಹುಪಾಲು ಸರಪಳಿಯಲ್ಲೇ ಇರುವ, ತಿಂಗಳುಗಟ್ಟಲೆ ಮಳೆ ಸುರಿಯುವ, ಒಂದೇ ನಾಯಿಯನ್ನು ಮನೆಯ ಐದು ಜನ ಐದು ಬಗೆಯಲ್ಲಿ ಹಿಡಿಯುವ ಮಲೆನಾಡಿನ ಮನೆಗಳಲ್ಲಿ ಇಷ್ಟೂ ಷರತ್ತುಗಳನ್ನು ಪಾಲಿಸುವವರು ಎಷ್ಟು ಮಂದಿ ಸಿಕ್ಕಾರು? ಅಷ್ಟು ಪಳಗಿದ ಕೈ ಇರುವವರಿಗೆ ಈ ಪಟ್ಟಿಯ ಅಗತ್ಯವೇ ಬೀಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ತಾಯಿನಾಯಿ ಮರಿಯ ಕುತ್ತಿಗೆ ಕಚ್ಚಿ ಬುದ್ಧಿ ಕಲಿಸುವುದನ್ನೇ ಈ ಪಟ್ಟಿ ಅನುಕರಿಸುತ್ತದೆ ಎಂಬ ಮಾತೂ ಇದೆ. ಕೊಟ್ಟಿಗೆಯ ಮೂಲೆಯಲ್ಲಿ ಮರಿ ಹಾಕಿದ ನಾಯಿಯನ್ನು ನೋಡಿದವರು ಇದನ್ನು ಒಪ್ಪಲಾರರು. ತಾಯಿ ಗದರುತ್ತದೆ, ಬಾಯಿ ತಾಗಿಸುತ್ತದೆ, ಎದ್ದು ಹೋಗುತ್ತದೆ. ಕುತ್ತಿಗೆಯ ಸುತ್ತಲೂ ಏಕಕಾಲಕ್ಕೆ ಚುಚ್ಚುವ ಹಲ್ಲು ಯಾವ ತಾಯಿಗೂ ಇಲ್ಲ. ಪಟ್ಟಿಯ ಪರ ಹೇಳುವ ಇನ್ನೊಂದು ಮಾತು, ಯಜಮಾನ ಯಾರೆಂದು ನಾಯಿಗೆ ತೋರಿಸಬೇಕು ಎಂಬುದು. ಆ ನಂಬಿಕೆಯ ಮೂಲ, ತೋಳಗಳು ಗುಂಪಿನ ಯಜಮಾನಿಕೆಗಾಗಿ ಕಾದಾಡುತ್ತವೆ ಎಂದು 1947ರಲ್ಲಿ ಪ್ರಾಣಿವರ್ತನೆಯ ಅಧ್ಯಯನಕಾರ ರುಡಾಲ್ಫ್ ಶೆಂಕೆಲ್ ಅವರು ಬಂಧನದಲ್ಲಿದ್ದ ತೋಳಗಳನ್ನು ನೋಡಿ ಬರೆದ ಅಧ್ಯಯನದಲ್ಲಿದೆ. ಆ ವಿಚಾರಕ್ಕೆ ಹಿಂದೆ ಪ್ರಚಾರ ಕೊಟ್ಟಿದ್ದ ತೋಳತಜ್ಞ ಡೇವಿಡ್ ಮೆಕ್ ಅವರೇ, ಕಾಡಿನಲ್ಲಿ ತೋಳದ ಗುಂಪು ಎಂದರೆ ಸಾಮಾನ್ಯವಾಗಿ ತಂದೆ, ತಾಯಿ, ಮಕ್ಕಳ ಒಂದು ಸಂಸಾರ ಎಂದು 1999ರಲ್ಲಿ ತಿದ್ದಿ ಬರೆದರು.

ಹಿಂದಿನವರೂ ನಾಯಿಗೆ ಮೊಳೆಯ ಪಟ್ಟಿ ಹಾಕುತ್ತಿರಲಿಲ್ಲವೇ ಎಂದು ಊರಿನ ಹಿರಿಯರೊಬ್ಬರು ನನ್ನನ್ನು ಕೇಳಿದರು. ಹೌದು, ನಮ್ಮ ಅಜ್ಜನ ನಾಯಿಗೂ ಅಂಥದ್ದೊಂದು ಇತ್ತು: ದಪ್ಪ ತೊಗಲಿನ ಪಟ್ಟಿ, ಮೊಳೆಯ ಮೊನೆಗಳೆಲ್ಲ ಹೊರಕ್ಕೆ. ರಾತ್ರಿ ಅಂಗಳಕ್ಕೆ ಬರುವ ಚಿರತೆ ಕುತ್ತಿಗೆಗೇ ಬಾಯಿ ಹಾಕುವುದರಿಂದ, ನಾಯಿಯ ಜೀವ ಉಳಿಯಲೆಂದು ಮಾಡಿಸಿದ್ದು ಅದು. ಒಳಗಡೆ ಮೆತ್ತಗೆ ಹಳೇ ಕಂಬಳಿಯ ತುಂಡು ಹೊಲಿದಿದ್ದರು. ಅದನ್ನು ಇದಕ್ಕೆ ಹೋಲಿಸುವುದು ನ್ಯಾಯವಲ್ಲ.

ಪೋರ್ಚುಗಲ್ಲಿನಲ್ಲಿ 92 ಸಾಕುನಾಯಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನೋವು ಮತ್ತು ಬೆದರಿಕೆಯ ವಿಧಾನಗಳನ್ನು ಹೆಚ್ಚಾಗಿ ಬಳಸುವ ಶಾಲೆಗಳ ನಾಯಿಗಳು, ಬಹುಮಾನ ಕೊಟ್ಟು ಕಲಿಸುವ ಶಾಲೆಗಳ ನಾಯಿಗಳಿಗಿಂತ ಹೆಚ್ಚು ಒತ್ತಡದ ಲಕ್ಷಣಗಳನ್ನು ತೋರಿದವು. ತರಬೇತಿಯ ನಂತರ ಅವುಗಳ ಜೊಲ್ಲಿನಲ್ಲಿ, ಒತ್ತಡವಾದಾಗ ಹೆಚ್ಚುವ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚು ಏರಿತ್ತು. ಜರ್ಮನಿಯು 2022ರ ಜನವರಿ 1ರಿಂದ ತರಬೇತಿಯಲ್ಲಿ ಮುಳ್ಳುಪಟ್ಟಿಯನ್ನೂ ನೋವು ಕೊಡುವ ಇತರ ಸಾಧನಗಳನ್ನೂ ನಿಷೇಧಿಸಿತು. ಈ ನಿಯಮದಿಂದ ಬರ್ಲಿನ್ ಪೊಲೀಸರ ನಾಯಿಗಳ ಕೆಲಸಕ್ಕೆ ಅಡಚಣೆಯಾಯಿತು ಎಂಬುದೂ ನಿಜವೇ. ಅಪರಾಧಿಯನ್ನು ಹಿಡಿಯುವ ನಾಯಿಯ ವಿಷಯದಲ್ಲಿ ಬೇಕಾದರೆ ಬೇರೆ ಚರ್ಚೆ ನಡೆಯಲಿ. ಜಗಲಿ ಕಾಯುವ ನಾಯಿಗೆ ಆ ಕಾರಣ ಅನ್ವಯಿಸುವುದಿಲ್ಲ. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು ಅನಗತ್ಯ ನೋವು ಕೊಡುವುದನ್ನು ಅಪರಾಧ ಎನ್ನುತ್ತದೆ, ಆದರೆ ಆ ಕಾಯ್ದೆಯಲ್ಲಿ ಈ ಪಟ್ಟಿಯ ಹೆಸರಿಲ್ಲ. ಮೊದಲ ಅಪರಾಧಕ್ಕೆ ಅದು ನಿಗದಿಪಡಿಸಿದ ದಂಡ 10ರಿಂದ 50 ರೂಪಾಯಿ.

ನಮ್ಮ ನಾಯಿಗೆ ಗಾಯ ಮಾಗಿದ ಮೇಲೆ, ಎದೆಯ ಮುಂಭಾಗದಲ್ಲಿ ಹಗ್ಗ ಸಿಕ್ಕಿಸುವ ಹಾರ್ನೆಸ್, ಅಂದರೆ ಎದೆಗೆ ತೊಡಿಸುವ ಪಟ್ಟಿ, ತಂದೆವು. ನಾಯಿ ಜಗ್ಗಿದರೆ ಅದರ ಮೈ ತಾನಾಗಿ ಪಕ್ಕಕ್ಕೆ ತಿರುಗುತ್ತದೆ. ಹಗ್ಗ ಬಿಗಿಯಾದ ಕೂಡಲೇ ನಿಂತುಬಿಡುವುದು, ಸಡಿಲವಾದರೆ ಹೊರಡುವುದು, ಪಕ್ಕದಲ್ಲಿ ನಡೆದಾಗ ಒಂದು ಚೂರು ದೋಸೆ ಕೊಡುವುದು. ಈ ಕ್ರಮಕ್ಕೆ ಮೂರು ತಿಂಗಳು ಹಿಡಿಯಿತು. ಈಗ ಅತ್ತಿಗೆಯೇ ಅದನ್ನು ತೋಟದ ಅಂಚಿನವರೆಗೆ ಕರೆದುಕೊಂಡು ಹೋಗುತ್ತಾರೆ. ಹಾಲಿನ ಹುಡುಗನ ವಿಷಯದಲ್ಲಿ ಮಾತ್ರ ಅದರ ಮನಸ್ಸು ಇನ್ನೂ ಪೂರ್ತಿ ತಿಳಿಯಾಗಿಲ್ಲ. ಅವನು ಬರುವ ಹೊತ್ತಿಗೆ ಒಳಗೆ ಕಟ್ಟುತ್ತೇವೆ.

ಕೇಂದ್ರ ಸರ್ಕಾರ ಈ ಪಟ್ಟಿಯ ಮಾರಾಟ ಮತ್ತು ಬಳಕೆಯನ್ನು ಹೆಸರಿಸಿ ನಿಷೇಧಿಸಬೇಕು. ಅಲ್ಲಿಯವರೆಗೆ ಕಾಯುವ ಅಗತ್ಯವಿಲ್ಲ: ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಮತ್ತು ಪಶುಪಾಲನಾ ಇಲಾಖೆ ಸೇರಿ, ರೇಬೀಸ್ ಲಸಿಕೆಗೆ ಜನ ನಾಯಿ ಕರೆತರುವ ದಿನವೇ ಅರ್ಧ ಗಂಟೆ ಹಗ್ಗ ಹಿಡಿಯುವ ಕ್ರಮವನ್ನು ತೋರಿಸಿಕೊಟ್ಟರೆ ಅನೇಕ ಮನೆಗಳಿಗೆ ಅನುಕೂಲವಾಗುತ್ತದೆ. ಈಗಾಗಲೇ ಮುಳ್ಳುಪಟ್ಟಿ ಹಾಕಿರುವವರು ಮಳೆ ಹಿಡಿಯುವ ಮುನ್ನ ಅದನ್ನು ಬಿಚ್ಚಿ, ನಾಯಿಯ ಕುತ್ತಿಗೆಯ ಕೂದಲನ್ನು ಬೆರಳಿನಿಂದ ಬಿಡಿಸಿ, ಗಂಟಲ ಕೆಳಗಿನವರೆಗೂ ಒಮ್ಮೆ ನೋಡಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ,
ತೀರ್ಥಹಳ್ಳಿ ತಾಲ್ಲೂಕು