ಭಿಕ್ಷುಕರ ಮಾತು, ಕೊತ್ವಾಲರ ಕಡತ

ಜರ್ಮನಿಯಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಓದಲು ಮನಸ್ಸಿಲ್ಲದಾಗ ‘ಕೈನ್ ಬೊಕ್’ ಎನ್ನುತ್ತಾರೆ. ಬಸ್ಸು ಗಂಟೆಗೊಮ್ಮೆ ಬರುವ ಹಳ್ಳಿಯನ್ನು ‘ಕಾಫ್’ ಎಂದು ಕರೆದು ಮೂಗು ಮುರಿಯುತ್ತಾರೆ. ದುಡ್ಡಿಗೆ ‘ತ್ಸಾಸ್ಟರ್’ ಎನ್ನುವುದನ್ನು ನಾವೂ ಕೆಲಸದ ಜಾಗದಲ್ಲಿ ಕೇಳಿದ್ದೇವೆ. ಈ ಮೂರೂ ಮಾತುಗಳು ರೋಮಾ ಜನರ ಭಾಷೆಯಿಂದ ಹೊರಟು, ಅಲೆಮಾರಿಗಳ ಹಾಗೂ ಕಳ್ಳಕಾಕರ ಗುಪ್ತನುಡಿ ಎನಿಸಿಕೊಂಡ ರೋಟ್‌ವೆಲ್ಶ್‌ನ ಮೂಲಕ ಜರ್ಮನ್ನಿಗೆ ಬಂದವು ಎಂಬುದು ಭಾಷಾತಜ್ಞರ ಸಾಮಾನ್ಯ ಅಭಿಪ್ರಾಯ. ರೋಮಾನಿಯಲ್ಲಿ ‘ಬೊಖ್’ ಎಂದರೆ ಹಸಿವು. ಅದು ಸಂಸ್ಕೃತದ ಬುಭುಕ್ಷೆಯಿಂದ ಬಂದದ್ದು. ‘ಗಾವ್’ ನಮ್ಮ ಗ್ರಾಮವೇ. ಕಬ್ಬಿಣಕ್ಕೆ ಹೇಳುವ ‘ಸಾಸ್ತೆರ್’ ಪದದ ಬೇರು ಶಸ್ತ್ರದಲ್ಲಿದೆ. ಸುಮಾರು ಸಾವಿರ ವರ್ಷಗಳ ಹಿಂದೆ ಭಾರತವನ್ನು ಬಿಟ್ಟು ಪಶ್ಚಿಮಕ್ಕೆ ನಡೆದವರು ಹೊತ್ತು ತಂದ ಪದಗಳಿವು. ನಂಟನ್ನು ಕಂಡು ಸಂತೋಷಪಡುವುದು ಸಹಜ. ಆದರೆ ಬಾಯಿಂದ ಬಾಯಿಗೆ ಗುಟ್ಟಾಗಿ ದಾಟಬೇಕಾಗಿದ್ದ ಈ ನುಡಿಯನ್ನು ಕಾಗದದ ಮೇಲೆ ಬರೆದಿಟ್ಟವರು ಯಾರು, ಯಾವ ಉದ್ದೇಶಕ್ಕೆ ಬರೆದರು ಎಂಬುದನ್ನು ಈ ಸಂಚಿಕೆಯಲ್ಲಿ ಓದುಗರ ಮುಂದಿಡಬೇಕೆನಿಸಿದೆ.

ರೋಟ್‌ವೆಲ್ಶ್‌ನ ಮೊದಲ ಪ್ರಸಿದ್ಧ ಪದಪಟ್ಟಿ ಅಚ್ಚಾದದ್ದು 1510ರ ಆಸುಪಾಸಿನಲ್ಲಿ, ‘ಲಿಬರ್ ವಗಟೋರುಮ್’ ಎಂಬ ಪುಟ್ಟ ಪುಸ್ತಕದಲ್ಲಿ. ಭಿಕ್ಷುಕರನ್ನು ಇಪ್ಪತ್ತೆಂಟು ಬಗೆಗಳಾಗಿ ವಿಂಗಡಿಸಿ, ಯಾರು ಹೇಗೆ ಮೋಸ ಮಾಡುತ್ತಾರೆಂದು ಗೃಹಸ್ಥರನ್ನು ಎಚ್ಚರಿಸುವುದು ಅದರ ಕೆಲಸ. ಬಾಯಲ್ಲಿ ಸೋಪಿನ ತುಂಡಿಟ್ಟು ಮುಷ್ಟಿಗಾತ್ರದ ನೊರೆ ಬರಿಸಿ, ಹುಲ್ಲುಕಡ್ಡಿಯಿಂದ ಮೂಗನ್ನು ಚುಚ್ಚಿ ರಕ್ತ ಹರಿಸಿ, ಮೂರ್ಛೆರೋಗ ಬಂದಂತೆ ಚರ್ಚಿನ ಮುಂದೆ ಬೀಳುವವರ ವರ್ಣನೆ ಅದರಲ್ಲಿದೆ. ಅಂಥ ಚಿತ್ರಗಳೇ ಜನರ ಮನಸ್ಸಿನಲ್ಲಿ ಉಳಿದವು. ಅದೇ ಪುಸ್ತಕದ ಮೊದಲ ಅಧ್ಯಾಯ ‘ಬ್ರೇಗರ್’ ಎಂಬವರನ್ನು ಕುರಿತದ್ದು. ಅವರು ಕಸುಬಿನಿಂದ ಹೊಟ್ಟೆ ತುಂಬುವಂತಿದ್ದರೆ ಬೇಡುವುದನ್ನೇ ಬಿಡುವ, ಚಿಕ್ಕ ಮಕ್ಕಳೊಂದಿಗರಾದ ಪ್ರಾಮಾಣಿಕ ಬಡವರು. ಅವರಿಗೆ ಕೊಟ್ಟ ಭಿಕ್ಷೆ ಸಾರ್ಥಕವೆಂದು ಪುಸ್ತಕವೇ ಒಪ್ಪುತ್ತದೆ. ಆ ಅಧ್ಯಾಯವನ್ನು ನೆನಪಿಟ್ಟವರು ಕಡಿಮೆ.

ಪುಸ್ತಕದ ಕೊನೆಗೆ ಇನ್ನೂರಕ್ಕೂ ಹೆಚ್ಚು ಪದಗಳ ಪಟ್ಟಿಯಿದೆ. ಅಗಲ ಪಾದವೆಂಬ ಅರ್ಥದ ‘ಬ್ರೈಟ್‌ಫುಸ್’ ಎಂದರೆ ಹೆಬ್ಬಾತು ಅಥವಾ ಬಾತುಕೋಳಿ. ಗಾಳಿ ಹಿಡಿಯುವ ‘ವಿಂಟ್‌ಫಾಂಗ್’ ಮೇಲುಹೊದಿಕೆ. ಸೆಣಬಿನ ಗಿಡ ಅಂಗಿಯಾಗಿದೆ; ಗೋಪುರದ ತುದಿಯಲ್ಲಿ ಗಾಳಿಗೆ ತಿರುಗುವ ಹುಂಜ ಟೊಪ್ಪಿಗೆಯಾಗಿದೆ. ನೀರು ‘ಫ್ಲೊಸಾರ್ಟ್’, ಅದರೊಳಗಿನ ಮೀನು ‘ಫ್ಲೊಸ್ಲಿಂಗ್’, ಕಿಡಿ ಹಾರಿಸುವ ಬೆಂಕಿ ‘ಫುಂಕಾರ್ಟ್’. ರೊಟ್ಟಿಗೆ ಹೀಬ್ರೂವಿನ ‘ಲೆಹೆಮ್’. ವ್ಯಾಕರಣವೆಲ್ಲ ಜರ್ಮನ್ನಿನದೇ, ಹೆಸರುಗಳನ್ನಷ್ಟೇ ಬದಲಿಸಿದರೆ ಪಕ್ಕದಲ್ಲಿ ನಿಂತ ಕಾವಲುಗಾರನಿಗೆ ಮಾತು ತಿಳಿಯದೆ ಹೋಗುತ್ತದೆ. ಕಳ್ಳರ ಭಾಷೆಯೆಂದು ಹೆದರಿಸುವ ಈ ಪಟ್ಟಿಯಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವುದು ತಿನ್ನುವ ವಸ್ತು, ಹೊದೆಯುವ ಬಟ್ಟೆ, ಕಾಯಿಸಿಕೊಳ್ಳುವ ಬೆಂಕಿ, ಮಲಗಲು ಹುಲ್ಲಿನ ಚೀಲ. ಇದು ಚಳಿಗಾಲದಲ್ಲಿ ದಾರಿಯ ಮೇಲಿದ್ದವರ ನುಡಿ ಎಂದು ನನಗನಿಸುತ್ತದೆ.

ದಾರಿಯ ಮೇಲಿದ್ದವರಾದರೂ ಯಾರು? ಸೇವೆಯಿಂದ ಬಿಡುಗಡೆಯಾಗಿ ಕೈಯಲ್ಲಿ ಕಾಸಿಲ್ಲದ ಸೈನಿಕರು, ಊರೂರು ಸುತ್ತಿ ಪಾತ್ರೆ ಬೆಸೆಯುವವರು, ಕತ್ತಿ ಸಾಣೆ ಹಿಡಿಯುವವರು, ಸತ್ತ ದನದ ಚರ್ಮ ಸುಲಿಯುವ ಕೆಲಸಕ್ಕಾಗಿಯೇ ಊರಿಂದ ಹೊರಗಿರಿಸಲ್ಪಟ್ಟವರು, ಕಸುಬುದಾರರ ಸಂಘಗಳಲ್ಲಿ ಪ್ರವೇಶವಿಲ್ಲದ ಯಹೂದಿಗಳು, 1498ರ ಫ್ರೈಬುರ್ಗ್ ಸಾಮ್ರಾಜ್ಯ ಸಭೆಯ ಬಳಿಕ ಕಾನೂನಿನ ರಕ್ಷಣೆಯನ್ನೇ ಕಳೆದುಕೊಂಡ ರೋಮಾ ಜನ. ಇವರಲ್ಲಿ ಕಳ್ಳರೂ ಇದ್ದರು, ಕಳ್ಳತನಕ್ಕೆ ಈ ನುಡಿ ನೆರವಾಗಿಯೂ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಪುಸ್ತಕ ಓದಿದವರು ಇಡೀ ಗುಂಪನ್ನೇ ಒಂದು ಸಂಚೆಂದು ಕಂಡರು. ಮಾರ್ಟಿನ್ ಲೂಥರ್ 1528ರಲ್ಲಿ ಈ ಪುಸ್ತಕವನ್ನು ಮರಳಿ ಅಚ್ಚು ಹಾಕಿಸಿ ಮುನ್ನುಡಿ ಬರೆದರು. ಪ್ರತಿ ಊರೂ ತನ್ನ ಬಡವರನ್ನು ಗುರುತಿಸಿ ತಾನೇ ಸಲಹಬೇಕೆಂಬ ಒಳ್ಳೆಯ ಸಲಹೆ ಅದರಲ್ಲಿದೆ. ಹೀಬ್ರೂ ಪದಗಳಿರುವುದರಿಂದ ಈ ಭಾಷೆ ಯಹೂದಿಗಳಿಂದ ಬಂದದ್ದೆಂಬ ಮಾತೂ ಇದೆ. ಸಲಹೆಯನ್ನು ಮರೆತವರು ಆ ಮಾತನ್ನು ಮರೆಯಲಿಲ್ಲ.

ಮುಂದಿನ ಪಟ್ಟಿಗಳು ಜೈಲಿನೊಳಗೆ ಸಿದ್ಧವಾದವು. ನೆಕಾರ್ ನದಿಯ ದಂಡೆಯ ಜುಲ್ತ್ಸ್ ಎಂಬ ಊರಿನಲ್ಲಿ 1791ರಲ್ಲಿ ಪ್ರಕಟವಾದ ಪದಪಟ್ಟಿಗೆ ಆಧಾರ ‘ಕೊನ್‌ಸ್ಟಾನ್ಸ್ ಹಾನ್ಸ್’ ಎಂಬ ಅಡ್ಡಹೆಸರಿನ ಕಳ್ಳನ ಹೇಳಿಕೆ. ಅಲ್ಲಿನ ಅಧಿಕಾರಿ ಗೇಯೊರ್ಗ್ ಯಾಕೊಪ್ ಶೇಫರ್ ಅಲೆಮಾರಿ ಗುಂಪುಗಳನ್ನು ಬೆನ್ನಟ್ಟಿ ಹಿಡಿಯುವುದರಲ್ಲಿ ಹೆಸರಾದವನು. ನೇಣುಗಂಬದ ಭಯದಲ್ಲಿರುವವನು ವಿಚಾರಣೆ ಮಾಡುವವನಿಗೆ ಹೇಳುವ ಪದಕ್ಕೂ ತನ್ನವರೊಂದಿಗೆ ಆಡುವ ಪದಕ್ಕೂ ಇರಬಹುದಾದ ಅಂತರ ಪಟ್ಟಿಯಲ್ಲಿ ಕಾಣುವುದಿಲ್ಲ. ಅದನ್ನು ಭಾಷೆಯ ದಾಖಲೆಯೆಂದು ಓದುವಾಗ ಒತ್ತಡದಲ್ಲಿ ಹೊರಬಿದ್ದ ಸಾಕ್ಷ್ಯವೆಂಬುದನ್ನೂ ಜೊತೆಗಿಟ್ಟುಕೊಂಡೇ ಓದಬೇಕು.

ಈ ಕಡತಗಳ ಮುಂದಿನ ಬಳಕೆ ಇನ್ನೂ ಘೋರವಾದದ್ದು. ನಾತ್ಸಿ ಆಳ್ವಿಕೆಯ ಕಾಲದ ವೈದ್ಯ ರಾಬರ್ಟ್ ರಿಟ್ಟರ್ 1937ರಲ್ಲಿ ನೈಋತ್ಯ ಜರ್ಮನಿಯ ಸ್ವಾಬಿಯಾದ ಅಲೆಮಾರಿ ಹಾಗೂ ಕಳ್ಳರ ಮನೆತನಗಳ ಹತ್ತು ತಲೆಮಾರುಗಳನ್ನು ಹಿಂಬಾಲಿಸಿ, ಅಪರಾಧ ರಕ್ತದಲ್ಲೇ ಇದೆಯೆಂದು ವಾದಿಸುವ ಗ್ರಂಥ ಪ್ರಕಟಿಸಿದ. ಅವನ ನೇತೃತ್ವದ ಬರ್ಲಿನ್ನಿನ ಕಚೇರಿ ತಯಾರಿಸಿದ ಯಾದಿಗಳ ಆಧಾರದ ಮೇಲೆ ರೋಮಾ ಜನರನ್ನೂ ಅವರದೇ ಒಂದು ಕವಲಾದ ಸಿಂಟಿ ಕುಟುಂಬಗಳನ್ನೂ ಆಶ್ವಿಟ್ಸ್ ಸಾವಿನ ಶಿಬಿರಕ್ಕೆ ಸಾಗಿಸಲಾಯಿತು. ಸ್ವಿಟ್ಜರ್ಲೆಂಡಿನಲ್ಲಿ 1926ರಿಂದ 1973ರವರೆಗೆ ಪ್ರೊ ಯುವೆಂಟೂಟೆ ಸಂಸ್ಥೆ ರೋಟ್‌ವೆಲ್ಶ್‌ಗೆ ಹತ್ತಿರದ ನುಡಿಯಾಡುವ ಯೇನಿಷ್ ಎಂಬ ಅಲೆಮಾರಿ ಸಮುದಾಯದ ಸುಮಾರು 600 ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿತು. ಅಜ್ಜಿಯ ನುಡಿ ಅಲ್ಲಿಗೇ ತುಂಡಾದ ಮನೆಗಳು ಎಷ್ಟೋ.

ನಮ್ಮ ನಾಡಿನ ಕಥೆಯೂ ಇದೇ ಜಾಡಿನಲ್ಲಿ ನಡೆದಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಂಗಳೂರಿನ ಸುತ್ತಮುತ್ತ ದಾರಿಹೋಕರನ್ನು ಕುಣಿಕೆ ಬಿಗಿದು ಕೊಲ್ಲುವವರೆಂದು ಹೆಸರಾದ ಸುಮಾರು ನೂರು ಮಂದಿ ‘ಫಾಂಸಿಗಾರ’ರನ್ನು ಸೆರೆಹಿಡಿಯಲಾಯಿತು. 1816ರಲ್ಲಿ ಮದ್ರಾಸಿನ ವೈದ್ಯ ರಿಚರ್ಡ್ ಶೆರ್‌ವುಡ್ ಈ ಫಾಂಸಿಗಾರರ ವೃತ್ತಾಂತವನ್ನೂ ಕೆಲವು ಗುಪ್ತಪದಗಳನ್ನೂ ಬರೆದ. 1836ರಲ್ಲಿ ಬ್ರಿಟಿಷ್ ಅಧಿಕಾರಿ ಸ್ಲೀಮನ್ ಕಲ್ಕತ್ತೆಯಿಂದ ಠಕ್ಕರ ‘ರಾಮಾಸಿ’ ನುಡಿಯ ದೊಡ್ಡ ಪದಕೋಶವನ್ನೇ ಹೊರತಂದ. ದಾರಿಹೋಕನಿಗೆ ಅದರಲ್ಲಿ ‘ಬನಿಜ್’ ಎಂಬ ಹೆಸರಿದೆ, ಅಂದರೆ ವ್ಯಾಪಾರದ ಸರಕು. ಕೊಲೆಗಳು ನಿಜ, ಪದಕೋಶಕ್ಕೆ ಬಾಯಿಬಿಟ್ಟವರು ಜೀವ ಉಳಿಸಿಕೊಳ್ಳಲು ಮಾಫಿಸಾಕ್ಷಿಗಳಾದ ಕೈದಿಗಳೆಂಬುದೂ ನಿಜ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಬಳಿಕ ಅನುಮಾನ ಹುಟ್ಟಿನೊಂದಿಗೇ ಅಂಟಿಕೊಂಡಿತು. ಮುಂಬಯಿ ಪ್ರಾಂತದ ಪೊಲೀಸ್ ಅಧಿಕಾರಿ ಕೆನಡಿ 1908ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಸಮುದಾಯಗಳ ಮಾತಿನ ಧಾಟಿಯನ್ನು ಗುರುತುಹಿಡಿಯುವುದಕ್ಕೇ ಪ್ರತ್ಯೇಕ ಭಾಗಗಳಿವೆ. ತಾಯಿ ಮಗುವಿನೊಂದಿಗೆ ಆಡುವ ಮನೆಮಾತೂ ಹೀಗೆ ಪೊಲೀಸರ ಕಣ್ಣಲ್ಲಿ ಗುಪ್ತಸಂಕೇತವಾಯಿತು. ಕಾಯಿದೆ 1952ರಲ್ಲಿ ಹೋಯಿತು. ಆ ಕಾಲದಲ್ಲಿ ಜನರನ್ನು ಕೂಡಿಹಾಕಿದ ಜಾಗಕ್ಕೆ ಹುಬ್ಬಳ್ಳಿಯಲ್ಲಿ ಇಂದಿಗೂ ‘ಸೆಟ್ಲ್‌ಮೆಂಟ್’ ಎಂದೇ ಹೆಸರು.

ಸ್ವಿಟ್ಜರ್ಲೆಂಡ್ 1997ರಲ್ಲಿ ಯೇನಿಷ್ ನುಡಿಗೆ ಅಲ್ಪಸಂಖ್ಯಾತ ಭಾಷೆಯ ಮಾನ್ಯತೆ ನೀಡಿತು. ಆದರೂ ಅದನ್ನು ಹೊರಗಿನವರಿಗೆ ಕಲಿಸಲು ಒಪ್ಪದವರು ಆ ಸಮುದಾಯದಲ್ಲಿದ್ದಾರೆ. ಪದಪಟ್ಟಿಗಳಿಂದ ಇಷ್ಟು ನೊಂದವರ ಆ ನಿಲುವು ಸರಿಯೆಂದೇ ನಾನು ಭಾವಿಸುತ್ತೇನೆ. ನಮ್ಮ ಸಂಘದ ಸದಸ್ಯರಲ್ಲಿ ಕೊರಮ, ಹರಣಶಿಕಾರಿ, ಗಂಟಿಚೋರ ಮೊದಲಾದ ಸಮುದಾಯಗಳ ಮನೆಮಾತನ್ನು ಕೇಳಿ ಬೆಳೆದವರಿದ್ದರೆ, ಮುಂದಿನ ಸಂಚಿಕೆಗೆ ಆ ಕುರಿತು ಬರೆಯಬೇಕೆಂದು ಕೋರುತ್ತೇನೆ. ಯಾವುದನ್ನು ಹೇಳಬೇಕು, ಯಾವುದನ್ನು ಮನೆಯೊಳಗೇ ಉಳಿಸಿಕೊಳ್ಳಬೇಕು ಎಂಬುದನ್ನು ಬರೆಯುವವರೇ ತೀರ್ಮಾನಿಸಲಿ. ಸಂಪಾದಕರು ಅದಕ್ಕಿಂತ ಹೆಚ್ಚಿನದನ್ನು ಕೇಳುವುದಿಲ್ಲ.