ತೋಳು ಹಿಡಿದು ಎಳೆದ ಅಣ್ಣನಿಗೆ

ಗಡಿಬಿಡಿಯಲ್ಲಿ ಹೆಸರು ಕೇಳುವುದನ್ನೇ ಮರೆತೆ. ಹಾಗಾಗಿ ಎಲ್ಲರೆದುರೇ ಹೇಳುತ್ತಿದ್ದೇನೆ: ತುಂಬಾ ಥ್ಯಾಂಕ್ಸ್ ಅಣ್ಣಾ.

ಆಫ್‌ರೋಡಿಂಗ್ ಫೋಟೋ ತೆಗೆಯಲು ಬಂದಿದ್ದೆ. ಜೀಪು ಬಂಡೆ ಹತ್ತುತ್ತಿತ್ತು. ನಾನು ಇಳಿಜಾರಿನ ಕೆಳಗೆ, ಸರಿಯಾಗಿ ಅದರ ಹಿಂದೆ ಮಂಡಿಯೂರಿ ಕೂತಿದ್ದೆ. ವ್ಯೂಫೈಂಡರ್‌ಗೆ ಕಣ್ಣಿಟ್ಟರೆ ನನಗೆ ಲೋಕವೇ ಮರೆತುಹೋಗುತ್ತದೆ. ನೀವು ಪಕ್ಕಕ್ಕೆ ಎಳೆದಿರಿ. ಅರೆ ನಿಮಿಷವೂ ಆಗಿರಲಿಲ್ಲ, ಟೈರಿನಡಿಯ ಕಲ್ಲು ಜಾರಿ ಗಾಡಿ ನಾನಿದ್ದ ಜಾಗಕ್ಕೇ ಬಂದು ನಿಂತಿತು. ನೀವು ಬೈಯಲೂ ಇಲ್ಲ. "ಮೇಲಿನ ಬದಿಗೆ ನಿಂತ್ಕೊಳ್ಳಿ. ಗಾಡಿ ಎಳೆಯೋ ವಿಂಚ್ ಹಗ್ಗ ಬಿಗಿಯಾದರೆ ಇನ್ನೂ ದೂರ ಹೋಗಿ" ಅಂದಿರಿ, ಅಷ್ಟೆ.

ಶಟರ್ ಪಾಠ ಬೋನಸ್ಸು! ನಾನು ಶಟರ್ ವೇಗವನ್ನು 1/1000 ಸೆಕೆಂಡಿಗೆ ಇಟ್ಟಿದ್ದರಿಂದ ಹೆಣಗುತ್ತಿದ್ದ ಗಾಡಿಯೂ ಪಾರ್ಕ್ ಮಾಡಿದಂತೆ ಕಾಣುತ್ತಿತ್ತು. ನೀವು ಹೇಳಿದ 1/60ರಲ್ಲಿ ಚಕ್ರ ಗಿರ್ರನೆ ತಿರುಗಿದ್ದು, ಮಣ್ಣು ಚಿಮ್ಮಿದ್ದು ಎಲ್ಲ ಬಂತು. ಕ್ಯಾಮೆರಾ ನೆಲಕ್ಕೆ ತಾಗಿಸಿ ಹಿಡಿದಾಗ ಎದ್ದ ಮುಂಚಕ್ರದ ಕೆಳಗೆ ಆಕಾಶ ಕಂಡಿತು.

ಕೈ ಅಲುಗಿ ಹಾಳಾದ ಫೋಟೋಗಳೇ ಹೆಚ್ಚು ಅನ್ನಿ. ಉಳಿದ ನಾಲ್ಕರಲ್ಲಿ ಒಂದರ ಅಂಚಿನಲ್ಲಿ, ಡ್ರೈವರ್‌ಗೆ ದಾರಿ ತೋರಿಸುತ್ತಿರುವ ನಿಮ್ಮ ಕೈ ಇದೆ. ಅದನ್ನು ಕ್ರಾಪ್ ಮಾಡಿಲ್ಲ.